ಸ್ವಂತ ಅಂಗಣವಿಲ್ಲದ ಕಾಲೇಜಿನ ಬಾಸ್ಕೆಟ್‌ಬಾಲ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಯುವಕರ ಆಟಗಳು ಯಾವುವೆಂದು ಕೇಳಿದರೆ ಕಬಡ್ಡಿ, ಖೋ ಖೋ, ವಾಲಿಬಾಲ್ ಎಂಬ ಉತ್ತರ ಬರುತ್ತದೆ. ಹಿರಿಯರಾದರೆ ಗರಡಿಮನೆಯ ಹೆಸರನ್ನೇ ಮೊದಲು ಹೇಳುತ್ತಾರೆ. ಬಾಸ್ಕೆಟ್‌ಬಾಲ್ ಎಂದರೆ ಅದು ಬೆಳಗಾವಿ, ಧಾರವಾಡಗಳಂಥ ಊರಿನವರ ಆಟವೆಂಬ ಭಾವನೆ ಇಂದಿಗೂ ಅಳಿದಿಲ್ಲ. ಇದಕ್ಕೆ ಒಂದು ಕಾರಣ ನಮ್ಮ ನೆಲದಲ್ಲಿಯೇ ಇದೆ. ಎರೆಭೂಮಿಯು ಹತ್ತಿಗೂ ಜೋಳಕ್ಕೂ ಒಲಿದಂತೆ ಪುಟಿಯುವ ಚೆಂಡಿಗೆ ಒಲಿಯುವುದಿಲ್ಲ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಗಟ್ಟಿ ನೆಲ ಹಾಕಿಸಲು ಹಣ ಬೇಕು, ಹಣವಿದ್ದಲ್ಲಿ ಮನಸ್ಸು ಬೇಕು. "ಸ್ವಂತ ಅಂಗಣವೇ ಇಲ್ಲದ ಕಾಲೇಜು ತಂಡ ಕಟ್ಟುವುದಾದರೂ ಹೇಗೆ?" ಎಂಬ ಮಾತನ್ನು ನಾವು ಈ ಭಾಗದಲ್ಲಿ ಅನೇಕ ಸಲ ಕೇಳಿದ್ದೇವೆ. ಈ ಪ್ರಶ್ನೆಗೆ ದೂರದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕಥೋಲಿಕ ಕಾಲೇಜಿನ ಚರಿತ್ರೆಯಲ್ಲಿ ಒಂದು ಬಗೆಯ ಉತ್ತರವಿದೆ. ಅದನ್ನು ಈ ವಾರ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲಿಗೆ ಆಟದ ಹುಟ್ಟಿನ ಬಗ್ಗೆ ಎರಡು ಮಾತು. 1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಕಟ್ಟಡದ ಒಳಗೇ ಆಡಬಹುದಾದ ಆಟವೊಂದನ್ನು ರೂಪಿಸಿದರು. ಕೆನಡಾದಲ್ಲಿ ಹುಟ್ಟಿದ ಅವರು ದೇವಶಾಸ್ತ್ರದಲ್ಲಿ ಪದವಿ ಪಡೆದವರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಕಟಾಂಜನಕ್ಕೆ ಹೊಡೆಸಿ, ಫುಟ್‌ಬಾಲ್ ಚೆಂಡನ್ನೇ ಕೈಗೆ ಕೊಟ್ಟು, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಪಕ್ಷಕ್ಕೆ ಒಂಬತ್ತು ಜನರಂತೆ 18 ಜನ ಆಡಿದ ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಚೆಂಡು. ಆ ಹದಿನೆಂಟು ಮಂದಿಯಲ್ಲಿ ಒಬ್ಬರಾದ ಡಂಕನ್ ಪ್ಯಾಟನ್ ಮುಂದೆ ವೈ.ಎಂ.ಸಿ.ಎ. ಸೇವೆಗೆಂದು ನಮ್ಮ ದೇಶಕ್ಕೇ ಬಂದರು. ಹೀಗೆ ಈ ಆಟಕ್ಕೂ ಭಾರತಕ್ಕೂ ಇರುವ ನಂಟು ನೂರು ವರ್ಷಕ್ಕೂ ಹಿಂದಿನದು. 1920ರಲ್ಲಿ ಹ್ಯಾರಿ ಬಕ್ ಎಂಬುವರು ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ದಕ್ಷಿಣದ ಶಾಲಾ ಕಾಲೇಜುಗಳಿಗೆ ಈ ಆಟವನ್ನು ಹಂಚಿದರು.

ಅಮೆರಿಕದ ಕಾಲೇಜುಗಳು ಇದನ್ನು ಬಹುಬೇಗ ತಮ್ಮದಾಗಿಸಿಕೊಂಡವು. ಪುರುಷರ ಕಾಲೇಜು ತಂಡಗಳ ನಡುವಿನ ಮೊದಲ ಪಂದ್ಯವೆಂದು ಸಾಮಾನ್ಯವಾಗಿ ಗಣಿಸಲಾಗುವುದು 1895ರ ಫೆಬ್ರವರಿಯಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ನಡೆಯಿತು. ಅಂಕಗಳು 9 ಮತ್ತು 3. ಮರುವರ್ಷ ಶಿಕಾಗೋ ಮತ್ತು ಅಯೋವಾ ವಿಶ್ವವಿದ್ಯಾಲಯಗಳು ಪಕ್ಷಕ್ಕೆ ಐವರಂತೆ ಆಡಿದವು. ಸ್ಮಿತ್ ಕಾಲೇಜಿನ ಮಹಿಳೆಯರಾದರೋ ಇವರೆಲ್ಲರಿಗಿಂತ ಮೊದಲೇ, 1893ರಲ್ಲಿ, ಗಂಡಸರಿಗೆ ಪ್ರವೇಶವಿಲ್ಲವೆಂದು ಬಾಗಿಲು ಹಾಕಿಕೊಂಡು ಆಡಿ ಮುಗಿಸಿದ್ದರು. ರಾಣಿ ಚನ್ನಮ್ಮನ ಕಿತ್ತೂರು ಸೀಮೆಯ ಓದುಗರಿಗೆ ಇದು ಅಚ್ಚರಿಯೆನಿಸದು. ನೈಸ್ಮಿತ್ ಅವರು ಮುಂದೆ ಕನ್ಸಾಸ್ ವಿಶ್ವವಿದ್ಯಾಲಯದ ತಂಡವನ್ನು ಕಟ್ಟಿದರು. ಅಲ್ಲಿ ಅವರು ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾಲಯದ ತರಬೇತುದಾರರ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟವನ್ನು ಹುಟ್ಟಿಸಿದವರ ಲೆಕ್ಕದಲ್ಲಿ ಮಾತ್ರ!

ವೈ.ಎಂ.ಸಿ.ಎ. ಪ್ರಾಟೆಸ್ಟೆಂಟ್ ಬಂಧುಗಳ ಸಂಸ್ಥೆ. ಕಥೋಲಿಕ ಯುವಕರು ಅದರತ್ತ ಸೆಳೆಯಲ್ಪಡುವುದು ಅಂದಿನ ಧರ್ಮಸಭೆಗೆ ಆತಂಕದ ಸಂಗತಿಯಾಗಿತ್ತು. 1920ರಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಈ ಕುರಿತು ಧರ್ಮಾಧ್ಯಕ್ಷರುಗಳಿಗೆ ಎಚ್ಚರಿಕೆಯ ಪತ್ರವನ್ನೇ ಬರೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬೆಳೆದ ನಮಗೆ ಇದು ಈಗ ವಿಚಿತ್ರವೆನಿಸುತ್ತದೆ. ಆದರೆ ಆಟವನ್ನು ಬಿಡಬೇಕೆಂದು ಯಾರೂ ಹೇಳಲಿಲ್ಲ. 1930ರಲ್ಲಿ ಶಿಕಾಗೋದ ಸಹಾಯಕ ಧರ್ಮಾಧ್ಯಕ್ಷ ಬರ್ನಾರ್ಡ್ ಶೀಲ್ ಅವರು ಕಥೋಲಿಕ ಯುವಜನ ಸಂಘಟನೆಯನ್ನು ಆರಂಭಿಸಿ ಧರ್ಮಕೇಂದ್ರಗಳ ನಡುವೆ ಮುಷ್ಟಿಯುದ್ಧ, ಬಾಸ್ಕೆಟ್‌ಬಾಲ್ ಪಂದ್ಯಗಳನ್ನು ಏರ್ಪಡಿಸಿದರು. ದೊಡ್ಡ ಮೈದಾನವನ್ನು ಬೇಡದ, ಐದು ಮಂದಿ ಹುಡುಗರಿದ್ದರೆ ಸಾಕೆನ್ನುವ ಆಟ, ಬಡ ವಲಸೆಗಾರರ ಶಾಲೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜು ಇಂಥದೇ ನೆಲದಲ್ಲಿ ಬೆಳೆದದ್ದು. 1855ರಲ್ಲಿ ಇಟಲಿಯಿಂದ ಬಂದಿದ್ದ ಯೇಸುಸಭೆಯ ಫಾದರ್ ಆಂಥನಿ ಮರಾಸ್ಕಿ ಅವರು ಊರಾಚೆಯ ಮರಳು ದಿಬ್ಬಗಳ ನಡುವೆ ಸಂತ ಇಗ್ನೇಷಿಯಸರ ಹೆಸರಿನಲ್ಲಿ ಒಂದು ಚಿಕ್ಕ ಶಾಲೆ ತೆರೆದರು. (ಮೈಸೂರು ಸೀಮೆಯ ನಮ್ಮವರು ಪ್ರೀತಿಯಿಂದ ಇನ್ನಾಸಪ್ಪ ಎಂದು ಕರೆಯುವುದು ಇದೇ ಸಂತರನ್ನು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರೂ ಇಟಲಿಯ ಯೇಸುಸಭೆಯ ಗುರುಗಳೇ.) ಶಾಲೆ ಕಾಲೇಜಾಗಿ ಬೆಳೆಯಿತು, ಭವ್ಯ ಕಟ್ಟಡವೂ ಎದ್ದಿತು. ಆದರೆ 1906ರ ಏಪ್ರಿಲ್ 18ರಂದು ಸಂಭವಿಸಿದ ಭೂಕಂಪ ಮತ್ತು ಅದರ ಬೆನ್ನಿಗೇ ಹೊತ್ತಿದ ಬೆಂಕಿಯಲ್ಲಿ ಎಲ್ಲವೂ ಬೂದಿಯಾಯಿತು. ಬಳಿಕ ಎರಡು ದಶಕಗಳ ಕಾಲ ತರಗತಿಗಳು ನಡೆದದ್ದು ಒಂದು ತಾತ್ಕಾಲಿಕ ಕಟ್ಟಡದಲ್ಲಿ. ಅದರ ಚಂದವನ್ನು ನೋಡಿ ಜನ ಅದಕ್ಕೆ "ಅಂಗಿ ಕಾರ್ಖಾನೆ" ಎಂದು ಹೆಸರಿಟ್ಟಿದ್ದರು. 1930ರಲ್ಲಿ ಆ ಕಾಲೇಜು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು.

ಇಪ್ಪತ್ತರ ದಶಕದಲ್ಲಿ ಈ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡವನ್ನು ತಿದ್ದಿದವರು ಜಿಮ್ಮಿ ನೀಡಲ್ಸ್. 1936ರಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಒಲಿಂಪಿಕ್ಸ್‌ನ ಪದಕದ ಆಟವಾದಾಗ ಅಮೆರಿಕ ತಂಡದ ತರಬೇತುದಾರರಾಗಿ ಬರ್ಲಿನ್‌ಗೆ ಹೋದವರೂ ಇವರೇ. ಆ ಅಂತಿಮ ಪಂದ್ಯದ ವಿಷಯ ನಮ್ಮ ತಾಲೂಕುಗಳ ಓದುಗರು ಕೇಳಲೇಬೇಕು. ಪಂದ್ಯ ನಡೆದದ್ದು ಬಯಲಿನಲ್ಲಿ, ಜೇಡಿ ಮತ್ತು ಮರಳಿನ ಟೆನಿಸ್ ಅಂಗಣದ ಮೇಲೆ. ಮಳೆ ಸುರಿಯಿತು. ಅಂಗಣ ಕೆಸರಾಯಿತು, ಚೆಂಡು ಪುಟಿಯಲೊಲ್ಲದು. ಅಮೆರಿಕ 19, ಕೆನಡಾ 8. ವೃದ್ಧ ನೈಸ್ಮಿತ್ ಅವರೂ ಆ ಕ್ರೀಡಾಕೂಟಕ್ಕೆ ಬಂದಿದ್ದರು. ಒಲಿಂಪಿಕ್ ಚಿನ್ನವನ್ನೇ ಕೆಸರಿನಲ್ಲಿ ಗೆದ್ದಿರುವಾಗ ನಮ್ಮ ಎರೆಮಣ್ಣನ್ನಷ್ಟೇ ದೂರುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಪೀಟ್ ನ್ಯೂವೆಲ್ ತರಬೇತುದಾರರಾಗಿ ಬಂದರು. 1949ರಲ್ಲಿ ಅವರ ತಂಡ ನ್ಯೂಯಾರ್ಕಿನ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯ ಅಂತಿಮ ಸುತ್ತನ್ನು ಮುಟ್ಟಿತು. ಎದುರಾಳಿ ಶಿಕಾಗೋದ ಲೊಯೋಲ. ಅದೂ ಯೇಸುಸಭೆಯ ಕಾಲೇಜೇ. ಒಂದೇ ಸಂತರ ಮಕ್ಕಳ ಈ ಕಾಳಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 48–47ರಿಂದ ಗೆದ್ದಿತು. ಆದರೆ ಈ ಕೀರ್ತಿಯೆಲ್ಲ ಬಂದರೂ ಕಾಲೇಜಿಗೆ ಸ್ವಂತ ಕ್ರೀಡಾಂಗಣವಿರಲಿಲ್ಲ. ಅಭ್ಯಾಸಕ್ಕೆ ಸಂತ ಇಗ್ನೇಷಿಯಸ್ ಹೈಸ್ಕೂಲಿನ ಜಿಮ್, ಪಂದ್ಯಗಳಿಗೆ ನಗರದ ಸಾರ್ವಜನಿಕ ಒಳಾಂಗಣ. ಪತ್ರಿಕೆಗಳು ಇವರನ್ನು ಮನೆಯಿಲ್ಲದವರು ಎಂದೇ ಬರೆಯುತ್ತಿದ್ದವು.

ಇಲ್ಲಿ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾಗದು. ಅದು ಬಾಸ್ಕೆಟ್‌ಬಾಲಿನದಲ್ಲ, ಅಮೆರಿಕದ ಫುಟ್‌ಬಾಲಿನದು. 1951ರಲ್ಲಿ ಈ ಕಾಲೇಜಿನ ಫುಟ್‌ಬಾಲ್ ತಂಡ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದಿತು. ತಂಡದಲ್ಲಿ ಆಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ವರ್ಣೀಯರಿದ್ದರು. ಅವರಿಬ್ಬರನ್ನು ಬಿಟ್ಟುಬಂದರೆ ದಕ್ಷಿಣದ ಪ್ರತಿಷ್ಠಿತ ಪಂದ್ಯಕ್ಕೆ ಕರೆ ಬರುವುದೆಂಬ ಸೂಚನೆ ದೊರೆಯಿತು. ಅಂಥ ಪಂದ್ಯದ ಆದಾಯ ಸಾಲದಲ್ಲಿದ್ದ ಕ್ರೀಡಾ ವಿಭಾಗವನ್ನು ಉಳಿಸಬಹುದಿತ್ತು. ಹುಡುಗರು ಒಕ್ಕೊರಲಿನಿಂದ ಬೇಡವೆಂದರು. ಆ ವರ್ಷದ ಕೊನೆಗೆ ಹಣವಿಲ್ಲದೆ ಫುಟ್‌ಬಾಲ್ ವಿಭಾಗವನ್ನೇ ಮುಚ್ಚಲಾಯಿತು. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆಂದು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಆ ಹುಡುಗರು ತಮ್ಮ ಆಟವನ್ನೇ ತೆತ್ತರು.

ಮರುವರ್ಷ, 1952ರಲ್ಲಿ, ಅದೇ ಕಾಲೇಜಿಗೆ ಬಿಲ್ ರಸೆಲ್ ಎಂಬ ಎತ್ತರದ, ಸಂಕೋಚದ ಹುಡುಗ ಸೇರಿದ. 1934ರಲ್ಲಿ ದಕ್ಷಿಣದ ಲೂಯಿಸಿಯಾನ ರಾಜ್ಯದಲ್ಲಿ ಹುಟ್ಟಿದ ಆತನ ಕುಟುಂಬ ವರ್ಣಭೇದದ ಕಾಟ ತಾಳಲಾರದೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿಗೆ ವಲಸೆ ಬಂದಿತ್ತು. ಹನ್ನೆರಡರ ವಯಸ್ಸಿನಲ್ಲೇ ತಾಯಿ ತೀರಿಕೊಂಡಿದ್ದರು. ಹೈಸ್ಕೂಲಿನ ಕಿರಿಯರ ತಂಡದಲ್ಲಿ ಆತ ಹದಿನಾರನೆಯವನು. ಇದ್ದ ಸಮವಸ್ತ್ರಗಳು ಹದಿನೈದು. ಇನ್ನೊಬ್ಬ ಹುಡುಗನೊಂದಿಗೆ ಸರದಿಯ ಮೇಲೆ ಒಂದೇ ಅಂಗಿ ತೊಡುತ್ತಿದ್ದ. ಜಾರ್ಜ್ ಪೌಲ್ಸ್ ಎಂಬ ಶಿಕ್ಷಕರು ಆತನನ್ನು ತಂಡದಿಂದ ತೆಗೆದುಹಾಕದೆ ಉಳಿಸಿಕೊಂಡರು. ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದ ಕಾಲೇಜು ಇಡೀ ದೇಶದಲ್ಲಿ ಒಂದೇ ಒಂದು, ಅದು ಅಂಗಣವಿಲ್ಲದ ಈ ಕಾಲೇಜು.

ಅಲ್ಲಿ ರಸೆಲ್‌ಗೆ ಕೋಣೆಯ ಜೊತೆಗಾರನಾಗಿ ಸಿಕ್ಕವನು ಕೆ.ಸಿ. ಜೋನ್ಸ್. ಇಬ್ಬರೂ ರಾತ್ರಿ ಹೊತ್ತು ಚೆಂಡಿನ ಕೋನ, ಎದುರಾಳಿಯ ಹೆಜ್ಜೆ, ಜಿಗಿಯುವ ಗಳಿಗೆ ಇವುಗಳನ್ನು ರೇಖಾಗಣಿತದಂತೆ ಚರ್ಚಿಸುತ್ತಿದ್ದರು. ಆ ಕಾಲದ ತರಬೇತುದಾರರು ರಕ್ಷಣೆಯ ಆಟಗಾರ ನೆಲ ಬಿಟ್ಟು ಏಳಬಾರದೆಂದು ಕಲಿಸುತ್ತಿದ್ದರು. ರಸೆಲ್ ಎದ್ದ. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದು, ಹೊರಗೆ ಹೊಡೆಯದೆ ತನ್ನವರ ಕೈಗೇ ಸೇರಿಸುವುದನ್ನು ಸಾಧಿಸಿದ. ತರಬೇತುದಾರ ಫಿಲ್ ವುಲ್ಪರ್ಟ್‌ಗೆ ಈ ಹೊಸ ಬಗೆ ಮೊದಮೊದಲು ಹಿಡಿಸಲಿಲ್ಲ. ಆದರೆ ವುಲ್ಪರ್ಟ್ ಅವರ ಒಂದು ಗುಣವನ್ನು ಮೆಚ್ಚಬೇಕು. ರಸೆಲ್, ಜೋನ್ಸ್, ಹಾಲ್ ಪೆರಿ ಈ ಮೂವರು ಕಪ್ಪು ವರ್ಣೀಯರನ್ನು ಅವರು ಒಟ್ಟಿಗೆ ಆರಂಭದ ಐವರಲ್ಲಿ ಇಳಿಸಿದರು. ಆಗಿನ ದಿನಗಳಲ್ಲಿ ದೊಡ್ಡ ಕಾಲೇಜುಗಳು ಯಾವುವೂ ಹೀಗೆ ಮಾಡುತ್ತಿರಲಿಲ್ಲ.

1954ರ ಡಿಸೆಂಬರಿನಲ್ಲಿ ತಂಡವು ಒಕ್ಲಹೋಮ ನಗರದ ಪಂದ್ಯಾವಳಿಗೆ ಹೋಯಿತು. ಅಲ್ಲಿನ ಹೋಟೆಲುಗಳು ಬಿಳಿಯರಿಗೆ ಕೋಣೆ ಕೊಡುತ್ತೇವೆ, ಉಳಿದವರಿಗಿಲ್ಲ ಎಂದವು. ಒಂದೇ ಬಾವಿಗೆ ಎರಡು ಸಾಲುಗಳನ್ನು ಕಂಡ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ತಂಡ, ಬಿಳಿಯರೂ ಸೇರಿ, ರಜೆಗೆಂದು ಮುಚ್ಚಿದ್ದ ಕಾಲೇಜೊಂದರ ವಿದ್ಯಾರ್ಥಿನಿಲಯದಲ್ಲಿ ಉಳಿಯಿತು. ಅಭ್ಯಾಸದ ವೇಳೆ ಪ್ರೇಕ್ಷಕರು ಹಂಗಿಸಿ ನಾಣ್ಯಗಳನ್ನು ಎಸೆದಾಗ ರಸೆಲ್ ಅವುಗಳನ್ನು ಆಯ್ದು, ಜೋಪಾನವಾಗಿ ಇಟ್ಟುಕೊಳ್ಳಿರೆಂದು ತರಬೇತುದಾರರ ಕೈಗಿತ್ತನೆಂದು ಹೇಳುತ್ತಾರೆ. ಆ ಪಂದ್ಯಾವಳಿಯನ್ನು ಅವರು ಗೆದ್ದೇ ಮರಳಿದರು.

ಅದೇ ತಿಂಗಳ ಆರಂಭದಲ್ಲಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದ ಎದುರು 40–47ರಿಂದ ಸೋತಿದ್ದ ತಂಡ ಆ ಬಳಿಕ ಸೋಲನ್ನೇ ಮರೆಯಿತು. 1955ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಫಿಲಡೆಲ್ಫಿಯಾದ ಲಸಾಲ್ ಕಾಲೇಜನ್ನು 77–63ರಿಂದ ಮಣಿಸಿತು. ಆ ಎದುರಾಳಿಯೂ ಕಥೋಲಿಕ ಸಂಸ್ಥೆಯೇ, ಹಿಂದಿನ ವರ್ಷದ ವಿಜೇತ ತಂಡ. ರಸೆಲ್ 23 ಅಂಕ ಗಳಿಸಿ ಪುಟಿದ 25 ಚೆಂಡುಗಳನ್ನು ಹಿಡಿದ. ಅವನಿಗಿಂತ ಬಹಳ ಗಿಡ್ಡನಾದ ಜೋನ್ಸ್ 24 ಅಂಕ ಗಳಿಸಿ ಲಸಾಲ್‌ನ ಪ್ರಖ್ಯಾತ ಟಾಮ್ ಗೋಲಾನನ್ನು ಕಟ್ಟಿಹಾಕಿದ. 1956ರಲ್ಲಿ ಆಡಿದ 29 ಪಂದ್ಯಗಳಲ್ಲಿ 29 ಗೆಲುವು. ಜೋನ್ಸ್‌ಗೆ ನಿಯಮದ ತೊಡಕಿನಿಂದ ಆ ವರ್ಷದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಲು ಅವಕಾಶ ಸಿಗದಿದ್ದರೂ ಅಂತಿಮದಲ್ಲಿ ಅಯೋವಾ 71–83ರಿಂದ ಸೋತಿತು. ಸತತ ಗೆಲುವುಗಳ ಸಂಖ್ಯೆ 60ಕ್ಕೆ ಏರಿ, ರಸೆಲ್ ಕಾಲೇಜು ಬಿಟ್ಟ ಬಳಿಕ 1956ರ ಡಿಸೆಂಬರಿನಲ್ಲಿ ನಿಂತಿತು. ಬುಟ್ಟಿಯ ಕೆಳಗೆ ಆತನನ್ನು ತಡೆಯಲಾರದೆ ನಿಯಮ ರಚಿಸುವವರು ಅಲ್ಲಿನ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿದರು.

ಶಿಕಾಗೋದ ಲೊಯೋಲ ತಂಡ ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1963ರಲ್ಲಿ ಅದರ ಆರಂಭದ ಐವರಲ್ಲಿ ನಾಲ್ವರು ಕಪ್ಪು ವರ್ಣೀಯರು. ಅವರ ವಿರುದ್ಧ ಆಡಲು ಮಿಸಿಸಿಪಿ ರಾಜ್ಯದ ಬಿಳಿಯರ ತಂಡ ನ್ಯಾಯಾಲಯದ ತಡೆಯಾಜ್ಞೆ ಕೈಗೆ ಸಿಗುವ ಮುನ್ನವೇ ಗುಟ್ಟಾಗಿ ರಾಜ್ಯದ ಗಡಿ ದಾಟಿಬಂದಿತು. ನಾಯಕರಿಬ್ಬರು ಕೈ ಕುಲುಕಿದಾಗ ಕ್ಯಾಮೆರಾಗಳ ಬೆಳಕಿನಿಂದ ಅಂಗಣವೇ ಬೆಳಗಿತಂತೆ. ಲೊಯೋಲ 61–51ರಿಂದ ಗೆದ್ದು, ಆ ವರ್ಷದ ರಾಷ್ಟ್ರೀಯ ಕಿರೀಟವನ್ನೂ ಪಡೆಯಿತು.

ನಮ್ಮ ನಾಲ್ಕು ತಾಲೂಕುಗಳ ಕಾಲೇಜುಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧೀನದಲ್ಲಿದ್ದು, 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ವ್ಯಾಪ್ತಿಗೆ ಬಂದಿವೆ. ಅಂತರಕಾಲೇಜು ಪಂದ್ಯಗಳಿಗೆ ತಂಡ ಕಳುಹಿಸಲು ಬೇಕಾದದ್ದು ಹನ್ನೆರಡು ಹುಡುಗರು, ಒಬ್ಬ ಶಿಕ್ಷಕ, ಎರಡು ಚೆಂಡು. ಅಭ್ಯಾಸಕ್ಕೆ ನೆರೆಯ ಹೈಸ್ಕೂಲಿನ ಅಂಗಳ ಕೇಳಿ ಪಡೆಯುವುದು ಅವಮಾನದ ಮಾತಲ್ಲ. ನಮ್ಮ ಚರ್ಚುಗಳ ಅಂಗಳದಲ್ಲಿಯೂ ಎರಡು ಕಂಬಗಳಿಗೆ ಜಾಗವಿದ್ದಲ್ಲಿ ಯುವಕ ಸಂಘದವರು ಗುರುಗಳೊಡನೆ ಮಾತನಾಡಬಹುದು. ಆಡಲು ಬರುವ ಹುಡುಗ ಯಾವ ಓಣಿಯವನೆಂದು ಕೇಳುವ ಅಗತ್ಯವಿಲ್ಲ.

ರಸೆಲ್ ಮತ್ತು ಜೋನ್ಸ್ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಆ ಬಳಿಕ ಬೋಸ್ಟನ್ ತಂಡದಲ್ಲಿ ಜೊತೆಯಾಗಿ ಹಲವು ವರ್ಷ ಆಡಿದರು. 1966ರಲ್ಲಿ ರಸೆಲ್ ಆ ತಂಡದ ತರಬೇತುದಾರನಾದಾಗ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲಿನ ಎನ್.ಬಿ.ಎ. ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯನೆನಿಸಿದ. ಜೋನ್ಸ್ 2020ರ ಕ್ರಿಸ್ಮಸ್ ದಿನದಂದು, ರಸೆಲ್ 2022ರ ಜುಲೈ 31ರಂದು ನಿಧನರಾದರು. ಅವರ ಗೆಲುವುಗಳು ಎಬ್ಬಿಸಿದ ಉತ್ಸಾಹದಲ್ಲಿ ಹಣ ಕೂಡಿ ಸ್ಯಾನ್ ಫ್ರಾನ್ಸಿಸ್ಕೋ ಕಾಲೇಜಿಗೆ ಕೊನೆಗೂ ಸ್ವಂತ ಒಳಾಂಗಣ ಕಟ್ಟಲಾಯಿತು. ಅದರ ಬಾಗಿಲು ತೆರೆದದ್ದು 1958ರಲ್ಲಿ, ಅವರಿಬ್ಬರೂ ಕಾಲೇಜು ಬಿಟ್ಟು ಎರಡು ವರ್ಷವಾದ ಮೇಲೆ.