ಮಗುವಿನ ಕೈಗೆಟಕುವ ಹಲಗೆ

1975ರ ಆಗಸ್ಟ್ ತಿಂಗಳು. ರಾಯಚೂರು ಸೀಮೆಯ ಹಳ್ಳಿಶಾಲೆ. ಹೊರಗೆ ಹೊಸದೊಂದು ವಸ್ತು ನಿಂತಿದೆ: ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದಲೇ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ. ಒಳಗೆ ಕಪ್ಪುಬಿಳುಪು ಟಿ.ವಿ. ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಕ್ಕಳು ನೆಲದಲ್ಲಿ ಸಾಲಾಗಿ ಕೂತಿದ್ದಾರೆ. ಕಿಟಕಿಯ ಸರಳುಗಳಾಚೆ ದನ ಹೊಡೆದುಕೊಂಡು ಹೊರಟ ಹುಡುಗರ ಮುಖಗಳು. ಮಾಸ್ತರು ಗುಂಡಿ ತಿರುಗಿಸುತ್ತಾರೆ. ಅಹಮದಾಬಾದಿನಿಂದ ಮೇಲೇರಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಮುಟ್ಟಿ ಬಂದ ಪಾಠ ಕನ್ನಡದಲ್ಲಿ ಮಾತಾಡತೊಡಗುತ್ತದೆ.

ಅದು ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ನಮ್ಮಲ್ಲಿ ಆ ಅದೃಷ್ಟ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಪಾಲಾಯಿತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರಿಗೆಲ್ಲ ಬೇಸಾಯ, ಆರೋಗ್ಯದ ಮಾತು. ರೈಲನ್ನೇ ಕಾಣದ ಮಕ್ಕಳೂ ಜಗತ್ತನ್ನು ಕಂಡರು. ವರ್ಷ ತುಂಬಿತು, 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಎರವಲು ಉಪಗ್ರಹ ಬೇರೆಡೆಗೆ ಸರಿಯಿತು. ಆಮೇಲೂ ಮಕ್ಕಳು ಚೀಲದಿಂದ ಪಾಟಿ ತೆಗೆದು ಬರೆಯತೊಡಗಿದರು.

ಆ ಪಾಟಿಯನ್ನು ಹತ್ತಿರದಿಂದ ನೋಡಬೇಕು. ಕಟ್ಟಿಗೆಯ ಚೌಕಟ್ಟು, ನಡುವೆ ಕಪ್ಪು ಕಲ್ಲು; ಕೆಲವಕ್ಕೆ ಮೇಲ್ತುದಿಯಲ್ಲಿ ತಂತಿಗೆ ಪೋಣಿಸಿದ ಬಣ್ಣದ ಮಣಿಗಳು. ಬಳಪ ಕಿರುಗುಟ್ಟುತ್ತದೆ, ‘ಅ’ ಅಡ್ಡಾದಿಡ್ಡಿಯಾಗುತ್ತದೆ. ಮಲೆನಾಡಿನ ಮಗು ನೀರ್ಕಡ್ಡಿ ಮುರಿದು ಒರೆಸುತ್ತದೆ, ಬಯಲುಸೀಮೆಯ ಮಗುವಿಗೆ ಎಂಜಲೂ ಅಂಗಿಯ ತುದಿಯೂ ಸಾಕು. ತಪ್ಪಿದ್ದು ಅಳಿಯಿತು, ಮತ್ತೆ ಬರೆಯಬಹುದು. ಅಕ್ಕೋರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಪುಟ್ಟ ಮುಷ್ಟಿಯನ್ನು ತಮ್ಮ ಕೈಯೊಳಗೆ ಹಿಡಿದು ತಿದ್ದಿಸುತ್ತಾರೆ. ಎದುರಿನ ದೊಡ್ಡ ಹಲಗೆ ಮಾತ್ರ ಮಾಸ್ತರರದು. ಇದ್ದಿಲು ಅರೆದು, ಸೊಪ್ಪಿನ ರಸದಲ್ಲಿ ಕಲಸಿ ಅದಕ್ಕೆ ಮಸಿ ಬಳಿಯುವ ಕೆಲಸವಷ್ಟೇ ಮಕ್ಕಳ ಪಾಲಿಗೆ. ಅಂದು ಕೈಗೆಲ್ಲ ಕಪ್ಪು, ಮುಖದ ತುಂಬ ನಗು.

ಮುಂದೆ ರೇಡಿಯೊದ ಸರದಿ. ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳು ಸರ್ಕಾರಿ ಶಾಲೆಗಳಲ್ಲಿ ಮೊಳಗಿದವು. ಪೆಟ್ಟಿಗೆಯೊಳಗಿನ ದನಿ ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ತರಗತಿಯೇ ಒಕ್ಕೊರಲಿನಿಂದ ಉತ್ತರ ಕೂಗುತ್ತದೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ನಮ್ಮದೇ ಉಪಗ್ರಹ ಎಜುಸ್ಯಾಟ್ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಟ್ಟೆ ಆಂಟೆನಾಗಳು ಬಂದವು. ಕಾಡಂಚಿನ ಮಕ್ಕಳು ಬೆಂಗಳೂರಿನ ಮೇಷ್ಟರ ಪಾಠ ನೋಡಿದರು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ತೀರಿತು. ಅಷ್ಟರಲ್ಲಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೋಣೆ ತೆರೆದಿತ್ತು. ಚಪ್ಪಲಿ ಹೊರಗೆ, ಬಟ್ಟೆಯ ಮುಸುಕು ಸರಿಸಿದರೆ ಪರದೆ, ಒಂದು ಮೌಸಿನ ಸುತ್ತ ನಾಲ್ಕಾರು ಕೈ. ಕರೆಂಟು ಹೋದಾಗ ಯುಪಿಎಸ್ ಕೂಗು. ಅದೂ ನಿಂತರೆ ಮಕ್ಕಳು ಮೈದಾನಕ್ಕೆ.

ಇವುಗಳ ನಡುವೆ, ಕರೆಂಟೇ ಬೇಡದ ಇನ್ನೊಂದು ಬದಲಾವಣೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತಿತ್ತು. 1995ರಲ್ಲಿ ಅಲ್ಲಿನ ಶಾಲೆಗಳಲ್ಲಿ ಶುರುವಾದ ನಲಿಕಲಿ, 2009–10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳನ್ನೆಲ್ಲ ತಲುಪಿತು. ಆ ಕೋಣೆಗೆ ಕಾಲಿಟ್ಟರೆ ಬೆಂಚುಸಾಲಿಲ್ಲ. ಮಕ್ಕಳು ಗುಂಪುಗುಂಪಾಗಿ ದುಂಡಗೆ ಕೂತಿದ್ದಾರೆ. ತಲೆಯ ಮೇಲೆ ದಾರದ ಚಪ್ಪರ. ಅದರ ತುಂಬ ಅವರೇ ಬಿಡಿಸಿದ ಮಾವು, ಮೀನು, ಅಜ್ಜಿಯ ಮನೆ. ಗೋಡೆಗೆ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ಹುಡುಕಿ, ತಕ್ಕ ಕಾರ್ಡು ಆರಿಸಿ, ತನ್ನ ಗುಂಪಿಗೆ ಹೋಗುತ್ತದೆ. ಎಲ್ಲಕ್ಕಿಂತ ಸೊಗಸು, ಗೋಡೆಯ ಕೆಳಭಾಗಕ್ಕೆ ಬಳಿದ ಕಪ್ಪು ಪಟ್ಟಿ. ಅದು ಮಕ್ಕಳ ಹಲಗೆ, ಮೊಣಕಾಲೂರಿದರೆ ಎಟುಕುವಷ್ಟೇ ಎತ್ತರ. ಬಹುಕಾಲದಿಂದ ಎತ್ತರದಲ್ಲಿ ನಿಂತಿದ್ದ ಹಲಗೆ ನೆಲಕ್ಕಿಳಿಯಲು ಬೇಕಾದದ್ದು ಒಂದು ಡಬ್ಬಿ ಬಣ್ಣ, ಮಗುವಿನ ಎತ್ತರವನ್ನು ಗಮನಿಸಿದ ಒಬ್ಬ ಶಿಕ್ಷಕ.

2020ರಲ್ಲಿ ಕೊರೊನಾ ಬಂದು ಶಾಲೆಗೆ ಬೀಗ ಬಿತ್ತು. ಪಾಠ ಮೊಬೈಲಿಗೆ ಹೋಯಿತು. ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಮನೆಗೊಂದೇ ಫೋನು, ಅದೂ ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿ. ದೂರದರ್ಶನದ ಚಂದನ ವಾಹಿನಿ ಪಾಠ ಹೇಳಿತು. ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರೇ ಊರೂರಿಗೆ ನಡೆದು ಗುಡಿಯ ಜಗಲಿ, ಅರಳಿಮರದ ನೆರಳುಗಳನ್ನು ತರಗತಿ ಮಾಡಿದರು. ಸಂಪರ್ಕ ಕಡಿದಲ್ಲಿ ಮಗುವನ್ನು ಶಾಲೆಗೆ ಬೆಸೆದದ್ದು ಆ ನಡಿಗೆ.

ಈಗ ಪಠ್ಯಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್ ಇದೆ, ಹಲವು ಶಾಲೆಗಳ ಗೋಡೆಯಲ್ಲಿ ಸ್ಮಾರ್ಟ್ ಬೋರ್ಡ್ ಬೆಳಗುತ್ತಿದೆ. ಮಿಡಿಯುವ ಹೃದಯ, ತಿರುಗುವ ಗ್ರಹಗಳು, ಬಿಚ್ಚಿಕೊಳ್ಳುವ ಘನಾಕೃತಿ ಕಂಡು ಐದನೇ ತರಗತಿ ಬೆರಗಾಗುತ್ತದೆ. ಆ ಬೆರಗು ಹಳ್ಳಿಯ ಮಗುವಿಗೂ ಸಿಗಲೇಬೇಕು. ಬಡ ಶಾಲೆಗೆ ಬಳಪ ಸಾಕು ಎನ್ನುವುದು ಅನ್ಯಾಯ. ಆದರೆ ಹೊಳೆಯುವ ಪರದೆಯನ್ನು ಮಾಸ್ತರರೇ ಮುಟ್ಟಿ, ಮಕ್ಕಳು ಕೈಕಟ್ಟಿ ನೋಡುತ್ತ ಕೂತರೆ, ಅದು ಹಳೆಯ ಕರಿಹಲಗೆಯ ಜಾಗಕ್ಕೇ ಮರಳಿದಂತೆ. ಬೋರ್ಡಿನ ಬೆಲೆಯಲ್ಲಿ ಶಿಕ್ಷಕರ ತರಬೇತಿಯೂ, ಕೆಟ್ಟಾಗ ವಾರದೊಳಗೆ ಬರುವ ರಿಪೇರಿಯವನೂ ಸೇರಿರಬೇಕು. ಬೋರ್ಡನ್ನು ಗೋಡೆಗೆ ಹಾಕುವಾಗ ಒಂದನೇ ತರಗತಿಯ ಅತಿ ಕುಳ್ಳ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊಳೆ ಹೊಡೆಯಲಿ.