ಫೋನಿನಲ್ಲಿ ಅರೆಸ್ಟ್ ಮಾಡೋಕಾಗುತ್ತಾ?

ಅವತ್ತು ರಾತ್ರಿ ಬುಲೆಟಿನ್ ಮುಗಿಸಿ ಆಗಷ್ಟೇ ಮೈಕ್ ತೆಗೀತಿದ್ದೆ. ದಾವಣಗೆರೆ ಕಡೆಯ ನಿವೃತ್ತ ಟೀಚರ್ ಒಬ್ಬರು ಲೈನ್‌ನಲ್ಲಿದ್ದಾರೆ, ನಿಮ್ಮ ಹತ್ರಾನೇ ಮಾತಾಡಬೇಕಂತೆ ಅಂದ್ರು ಡೆಸ್ಕ್‌ನವರು. ಆ ತಾಯಿ ಎರಡು ದಿನ ವಿಡಿಯೋ ಕಾಲ್ ಮುಂದೆ ಕೂತು, ಪೆನ್ಷನ್ ಉಳಿತಾಯವನ್ನೆಲ್ಲ ಯಾರದೋ ಖಾತೆಗೆ ಹಾಕಿದ್ದರು. ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಇಷ್ಟೇ: "ನೋಡಪ್ಪಾ, ನಿಮ್ಮ ಟಿವಿಯಲ್ಲೇ ಬರ್ತಿತ್ತಲ್ಲ, ಅಲ್ಲೊಬ್ಬರು ಡಿಜಿಟಲ್ ಅರೆಸ್ಟ್, ಇಲ್ಲೊಬ್ಬರು ಡಿಜಿಟಲ್ ಅರೆಸ್ಟ್ ಅಂತ. ಅಂಥದ್ದೊಂದು ಕಾನೂನು ಇದೆ ಅಂತಲೇ ನಾನು ಅಂದ್ಕೊಂಡಿದ್ದೆ."

ನನ್ನ ಹತ್ರ ಉತ್ತರ ಇರಲಿಲ್ಲ. ಮೋಸದ ಹೆಸರೊಂದನ್ನು ನಾವೇ ಬ್ರೇಕಿಂಗ್ ನ್ಯೂಸ್ ಪಟ್ಟಿಯಲ್ಲಿ ಓಡಿಸಿ, ಅದು ನಿಜವೇನೋ ಅನ್ನೋ ಹಾಗೆ ಮಾಡಿಬಿಟ್ಟಿದ್ವಿ.

ಹಾಗಾಗಿ ಇವತ್ತು ಸ್ಪಷ್ಟವಾಗಿ ಹೇಳ್ತೀನಿ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಅನ್ನೋದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ. ಅದೇ ವರ್ಷ ಅಕ್ಟೋಬರ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಮೋದಿಯವರೂ ಇದನ್ನೇ ಹೇಳಿದರು.

ಅರೆಸ್ಟ್‌ಗೆ ನಮ್ಮಲ್ಲಿ ಹಳೆಯ ಪದ ಒಂದಿದೆ, ದಸ್ತಗಿರಿ. ಪರ್ಷಿಯನ್‌ನಲ್ಲಿ ದಸ್ತ್ ಅಂದ್ರೆ ಕೈ. ಕೈ ಹಿಡಿಯೋದೇ ದಸ್ತಗಿರಿ. ಫೋನಿನೊಳಗಿಂದ ಯಾರು ಕೈ ಹಿಡೀತಾರೆ ಹೇಳಿ? ಬಂಧಿಸಬೇಕಾದರೆ ಪೊಲೀಸರು ಎದುರಿಗೆ ಬರಬೇಕು, ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕು ನಿಮಗಿದೆ. ಇವೆಲ್ಲ ಸಂವಿಧಾನದ 22ನೇ ವಿಧಿ ಕೊಟ್ಟಿರುವ ರಕ್ಷಣೆ.

ಈ ವಂಚಕರ ಬಂಡವಾಳವೇ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳು. ಒಂದೊಂದಾಗಿ ಬಿಡಿಸಿ ನೋಡೋಣ.

ಮನಿ ಲಾಂಡರಿಂಗ್: ಅಪರಾಧದಿಂದ ಬಂದ ದುಡ್ಡನ್ನು ಸಕ್ರಮ ದುಡ್ಡಿನ ಹಾಗೆ ತೋರಿಸೋದು. ಇದಕ್ಕೆ 2002ರ ಕಾಯ್ದೆ ಇದೆ, ಜಾರಿ ನಿರ್ದೇಶನಾಲಯ ಅಂದ್ರೆ ಇ.ಡಿ. ತನಿಖೆ ಮಾಡುತ್ತೆ. ಆದರೆ ನಿಮ್ಮ ದುಡ್ಡು ಸಕ್ರಮವೋ ಅಲ್ಲವೋ ನೋಡ್ತೀವಿ, ಈ ಖಾತೆಗೆ ಹಾಕಿ ಅಂತ ಯಾವ ತನಿಖಾ ಸಂಸ್ಥೆಯೂ ಕೇಳಲ್ಲ. ರಿಸರ್ವ್ ಬ್ಯಾಂಕೂ ಕೇಳಲ್ಲ.

ನಾನ್ ಬೇಲೆಬಲ್ ವಾರಂಟ್: ಜಾಮೀನೇ ಸಿಗಲ್ಲ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಪೊಲೀಸರೇ ಜಾಮೀನಿನ ಮೇಲೆ ಬಿಡುವಂತಿಲ್ಲ, ಕೋರ್ಟ್ ಮುಂದೆ ನಿಲ್ಲಿಸಬೇಕು, ಅಷ್ಟೆ. ಜಾಮೀನು ಕೊಡೋದು ಬಿಡೋದು ಕೋರ್ಟಿನ ತೀರ್ಮಾನ. ವಾರಂಟ್ ಹೊರಡಿಸುವುದೂ ಕೋರ್ಟೇ. ವಾಟ್ಸಾಪ್‌ನಲ್ಲಿ ಬಂದ ಮೊಹರು ಹಾಕಿದ ಕಾಗದ ವಾರಂಟ್ ಅಲ್ಲ.

ಅಫೀಷಿಯಲ್ ಸೀಕ್ರೆಟ್ಸ್ ಆಕ್ಟ್: ಮನೆಯವರಿಗೆ ಹೇಳಿದರೆ ಅವರೂ ಒಳಗೆ ಹೋಗ್ತಾರೆ ಅಂತ ಹೆದರಿಸೋಕೆ ಈ ಹೆಸರು. ಇದು 1923ರ ಕಾಯ್ದೆ. ಬೇಹುಗಾರಿಕೆ, ಸರ್ಕಾರಿ ರಹಸ್ಯಗಳಿಗೆ ಸಂಬಂಧಿಸಿದ್ದು. ನಿಮಗೆ ಬಂದ ಫೋನ್ ಕಾಲ್ ಬಗ್ಗೆ ಮಗನಿಗೆ, ಸೊಸೆಗೆ ಹೇಳೋದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ವಂಚಕರಿಗೆ ಬೇಕಿರೋದು ನಿಮ್ಮ ಒಂಟಿತನ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಅವರ ಆಟ ನಡೆಯಲ್ಲ.

ಇಂಥ ಕರೆ ಬಂದರೆ ವಾದ ಮಾಡಬೇಡಿ, ಕಟ್ ಮಾಡಿ. ಮನೆಯವರಿಗೆ ಹೇಳಿ. ದುಡ್ಡು ಹೋಗಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯೋಕೆ ಒಂದೊಂದು ನಿಮಿಷವೂ ಮುಖ್ಯ.

ನಮ್ಮ ನ್ಯೂಸ್‌ರೂಮ್‌ನಲ್ಲಿ ಈಗ ಬರಿ ಡಿಜಿಟಲ್ ಅರೆಸ್ಟ್ ಅಂತ ಬರೆಯಲ್ಲ, "ಅರೆಸ್ಟ್ ಹೆಸರಲ್ಲಿ ವಂಚನೆ" ಅಂತ ಬರೀತೀವಿ. ಆ ತಾಯಿಯ ಹಣ ಇನ್ನೂ ವಾಪಸ್ ಬಂದಿಲ್ಲ. ಫೋನ್ ಇಡುವ ಮುಂಚೆ ಅವರು ಹೇಳಿದ ಮಾತು ಇದು: "ಅರ್ಥ ಆಗದಿದ್ರೆ ಕೈ ಎತ್ತಿ ಕೇಳ್ರೋ ಅಂತ ಮಕ್ಕಳಿಗೆ ಹೇಳ್ಕೊಂಡೇ ಬಂದೆ. ನಾನೇ ಯಾರನ್ನೂ ಕೇಳಲಿಲ್ಲ."

ನೀವು ಕೇಳಿ.