ಮಿದುಳಿಗೆ ಪೆಟ್ಟಾದ ನಂತರ: ಚೇತರಿಕೆಗೆ ಸಣ್ಣ ಗುರಿಗಳು

ದೆಹಲಿಯ ಕಿದ್ವಾಯಿ ನಗರದ ನಿವಾಸಿಗಳಿಗೆ ದೊಡ್ಡ ಆಸ್ಪತ್ರೆಗಳು ದೂರವಲ್ಲ. ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಸಫ್ದರ್‌ಜಂಗ್ ಆಸ್ಪತ್ರೆ ಎರಡೂ ನಡೆದು ಹೋಗುವಷ್ಟು ಸಮೀಪದಲ್ಲಿವೆ. ಆದರೆ ಅಪಘಾತದಲ್ಲಿ ತಲೆಗೆ ಪೆಟ್ಟಾದವರನ್ನು ಮನೆಗೆ ಕರೆತಂದ ಮೇಲೆ ಆರಂಭವಾಗುವ ದೀರ್ಘಕಾಲದ ಆರೈಕೆಯ ಹೊಣೆ ಬಹುಮಟ್ಟಿಗೆ ಕುಟುಂಬದವರದೇ. ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ. ನೋಡುವವರಿಗೆ ರೋಗಿಯು ಪೂರ್ಣ ಗುಣವಾದಂತೆಯೇ ಕಾಣುತ್ತಾರೆ. ‘ಇನ್ನು ಕಚೇರಿಗೆ ಯಾವಾಗ ಹೋಗುತ್ತೀರಿ?’ ಎಂದು ನೆರೆಹೊರೆಯವರು ಕೇಳತೊಡಗುತ್ತಾರೆ.

ಕಚೇರಿಗೆ ಮರಳುವುದೆಂದರೆ ಒಂದು ಕೆಲಸವಲ್ಲ, ಹತ್ತಾರು ಕೆಲಸಗಳ ಸರಪಳಿ. ಸಮಯಕ್ಕೆ ಸಿದ್ಧವಾಗಬೇಕು, ಬಸ್ಸು ಹಿಡಿಯಬೇಕು, ಕೇಳಿದ್ದನ್ನು ನೆನಪಿಡಬೇಕು, ಗದ್ದಲದ ನಡುವೆ ಕಡತದ ಮೇಲೆ ಗಮನವಿಡಬೇಕು. ಇವನ್ನು ಕ್ರಮವಾಗಿ ಯೋಜಿಸುವ ಶಕ್ತಿಗೆ ಮಿದುಳಿನ ಮುಂಭಾಗ ಬಹಳ ಮುಖ್ಯ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಆ ಭಾಗಕ್ಕೇ ಹಾನಿಯಾಗುವುದು ಸಾಮಾನ್ಯ. ಆದುದರಿಂದ ರೋಗಿಯು ಸುಮ್ಮನೆ ಕುಳಿತಿರುವುದನ್ನು ಸೋಮಾರಿತನವೆಂದು ಭಾವಿಸಲಾಗದು. ಯೋಜನೆಯ ಭಾರವನ್ನು ಮನೆಯವರು ಹೊತ್ತು, ಕೆಲಸವನ್ನು ಬಿಡಿಬಿಡಿಯಾಗಿ ಅವರ ಮುಂದಿಡಬೇಕು.

ಹಾಲು ತರುವ ಕೆಲಸವನ್ನೇ ತೆಗೆದುಕೊಳ್ಳೋಣ. ಮೊದಲ ಕೆಲವು ದಿನ ಒಬ್ಬರ ಜೊತೆಯಲ್ಲಿ ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿಬರುವುದೇ ಸಾಕು. ಅದು ಆಯಾಸವಿಲ್ಲದೆ ಸಾಧ್ಯವಾದ ಬಳಿಕ ಮದರ್ ಡೇರಿ ಬೂತಿನವರೆಗೆ. ಹಣ ಕೊಡುವವರು ಜೊತೆಗಿರುವವರು. ಅನಂತರ ರೋಗಿಯೇ ಹಣ ಕೊಟ್ಟು ಚಿಲ್ಲರೆ ಎಣಿಸಿಕೊಳ್ಳಲಿ. ಒಬ್ಬರೇ ಹೋಗುವುದು ಕೊನೆಯ ಹಂತ. ಅದಕ್ಕೆ ವೈದ್ಯರ ಒಪ್ಪಿಗೆ ಅವಶ್ಯಕ. ‘ಚೆನ್ನಾಗಿ ನಡೆಯಬೇಕು’ ಎಂಬುದು ಬರಿಯ ಆಸೆ. ‘ಈ ವಾರ ದಿನವೂ ಬೆಳಿಗ್ಗೆ 7 ಗಂಟೆಗೆ ಗೇಟಿನವರೆಗೆ ಹೋಗಿಬರಬೇಕು’ ಎಂಬುದು ಗುರಿ. ಆಯಿತೋ ಇಲ್ಲವೋ ಎಂದು ಯಾರಾದರೂ ಹೇಳಬಹುದು. ರೋಗಿಯೇ ಆರಿಸಿದ ಕೆಲಸವಾದರೆ ಉತ್ಸಾಹವೂ ಹೆಚ್ಚು. ನೆನಪಿನ ಶಕ್ತಿ ಕುಂದಿರುವುದರಿಂದ ಪ್ರತಿದಿನ ನಡೆದುದನ್ನು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ನನ್ನಿಂದ ಏನೂ ಆಗುತ್ತಿಲ್ಲ’ ಎಂದು ಅವರು ಕೊರಗುವ ದಿನ ಹಿಂದಿನ ತಿಂಗಳ ಪುಟವನ್ನು ತೆರೆದು ತೋರಿಸಬಹುದು.

ಆಯಾಸದ ಬಗ್ಗೆ ಎಚ್ಚರ ಬೇಕು. ಹುಷಾರಾಗಿರುವ ದಿನ ಮಿತಿಮೀರಿ ದುಡಿದು ಮರುದಿನ ಹಾಸಿಗೆ ಹಿಡಿಯುವುದು ಇಂಥವರಲ್ಲಿ ಸಾಮಾನ್ಯ. ಗುರಿ ಮುಟ್ಟಲಾಗದಿದ್ದರೆ ಗದರಿಸದೆ ಗುರಿಯನ್ನೇ ಇನ್ನಷ್ಟು ಕಿರಿದುಗೊಳಿಸಿ. ಸಾಮಾನ್ಯವಾಗಿ ಚೇತರಿಕೆಯ ವೇಗ ಮೊದಲ ಕೆಲವು ತಿಂಗಳಲ್ಲಿ ಹೆಚ್ಚು. ನಂತರ ನಿಧಾನವಾದರೂ ಹಲವರಲ್ಲಿ ಅದು ವರ್ಷಗಟ್ಟಲೆ ಮುಂದುವರಿಯುತ್ತದೆ.

ದೆಹಲಿಯ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಾತಿಗೆ ತೊಂದರೆಯಾದಾಗ, ವ್ಯಕ್ತಿಗೆ ತಿಳಿದಿದ್ದ ಭಾಷೆಗಳೆಲ್ಲ ಒಂದೇ ವೇಗದಲ್ಲಿ ಮರಳುತ್ತವೆ ಎಂಬ ನಿಯಮವಿಲ್ಲ. ಹಿಂದಿಯಲ್ಲಿ ಉತ್ತರಿಸದವರು ಕನ್ನಡದಲ್ಲಿ ಉತ್ತರಿಸಬಹುದು. ಮನೆಮಾತು ಕನ್ನಡವೆಂದು ವಾಕ್‌ಚಿಕಿತ್ಸಕರಿಗೆ ಮೊದಲೇ ತಿಳಿಸಿ. ದಿನದ ಗುರಿಗಳನ್ನೂ ಕನ್ನಡದಲ್ಲಿಯೇ ಬರೆಯಿರಿ.

ಹೆಚ್ಚುತ್ತಿರುವ ತಲೆನೋವು, ಪದೇಪದೇ ವಾಂತಿ, ಫಿಟ್ಸ್, ಅತಿಯಾದ ಮಂಪರು, ಕೈಕಾಲುಗಳಲ್ಲಿ ಹೊಸದಾಗಿ ಬಲಹೀನತೆ ಇವುಗಳಲ್ಲಿ ಯಾವುದು ಕಂಡುಬಂದರೂ ಅಂದಿನ ಅಭ್ಯಾಸವನ್ನು ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.